‘ಆಪರೇಷನ್ ಆಯ್ತಾ?’ ಎಂಬ ಪ್ರಶ್ನೆಯಾಚೆ

2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ನೀಡಿತು. ತಮ್ಮ ಲಿಂಗತ್ವದ ಗುರುತಿನಿಂದಾಗಿ ಖಾಸಗಿ ಶಾಲೆಗಳಲ್ಲಿ ಕೆಲಸ ಕೈತಪ್ಪಿತು ಎಂದು ನ್ಯಾಯಾಲಯದ ಮೆಟ್ಟಿಲೇರಿದ್ದ ಟ್ರಾನ್ಸ್ ಶಿಕ್ಷಕಿ ಜೇನ್ ಕೌಶಿಕ್ ಅವರಿಗೆ ಪರಿಹಾರ ಕೊಡಿಸಿತು. ಉದ್ಯೋಗದಲ್ಲಿ ಸಮಾನ ಅವಕಾಶದ ನೀತಿ ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೂ ನೇಮಿಸಿತು. ನಮ್ಮ ರಾಜ್ಯದ ಅಕ್ಕೈ ಪದ್ಮಶಾಲಿ ಅದರ ಸದಸ್ಯರಲ್ಲಿ ಒಬ್ಬರು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ಲಿಂಗತ್ವಕ್ಕೆ ಸಂಬಂಧಿಸಿದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಉದ್ಯೋಗದಾತರ ಅನುಮತಿ ಕೇಳಬೇಕಾಗಿಲ್ಲ. ಕೆಲಸದ ಸ್ವರೂಪವೇ ಲಿಂಗತ್ವವನ್ನು ಅವಲಂಬಿಸಿದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇಂಥ ಸುದ್ದಿಯನ್ನು ‘ಪ್ರಚಲಿತ ವಿದ್ಯಮಾನ’ದ ನೋಟ್ಸಿಗೆ ಸೇರಿಸಿಕೊಂಡು ಮುಂದೆ ಹೋಗುತ್ತೇವೆ. ನಾನು ಹಾಗೆ ಮುಂದೆ ಹೋಗಲಾರೆ. ನಾನು ಟ್ರಾನ್ಸ್ ಪುರುಷ. ಹುಟ್ಟಿದಾಗ ದಾಖಲೆಯಲ್ಲಿ ಹೆಣ್ಣು ಎಂದು ಬರೆದಿದ್ದರು. ಈಗ ನನಗೆ 25 ವರ್ಷ, ಬಿ.ಕಾಂ. ಮುಗಿದಿದೆ, ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ವರ್ಷದಿಂದ ವೈದ್ಯರ ಸಲಹೆಯಂತೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಇಷ್ಟು ಹೇಳಿದ ತಕ್ಷಣ ಓದಿದವರು, ಓದದವರು, ಅಧಿಕಾರಿಗಳು, ಸಂಬಂಧಿಕರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಆಪರೇಷನ್ ಆಯ್ತಾ?’

ಈ ಪ್ರಶ್ನೆಯ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಒಂದು ದಿನ ಆಸ್ಪತ್ರೆಗೆ ಹೋಗಿ, ಒಂದು ಆಪರೇಷನ್ ಮಾಡಿಸಿಕೊಂಡು, ಬೇರೆಯವರಾಗಿ ಹೊರಬರುತ್ತಾರೆ ಎಂಬ ಕಲ್ಪನೆ ಅದು. ವಾಸ್ತವದಲ್ಲಿ ವೈದ್ಯಕೀಯ ಪರಿವರ್ತನೆ ಎಂದರೆ ಹಲವು ಬಾಗಿಲುಗಳ ಮನೆ. ಕೆಲವರು ಒಂದೇ ಬಾಗಿಲು ದಾಟುತ್ತಾರೆ, ಕೆಲವರು ನಾಲ್ಕು, ಕೆಲವರು ಯಾವುದನ್ನೂ ದಾಟುವುದಿಲ್ಲ. ಎಲ್ಲ ಬಾಗಿಲನ್ನೂ ಒಂದೇ ಎಂದು ಭಾವಿಸಿದಾಗ ಏನು ಅನಾಹುತ ಆಗುತ್ತದೆ ಎಂಬುದನ್ನು ಹೇಳಲು ಈ ಬರಹ.

ಕಾಯಿಲೆಯಲ್ಲ, ಆದರೂ ಆರೈಕೆ ಬೇಕು

ಮೊದಲಿಗೆ ಒಂದು ಸ್ಪಷ್ಟನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದು, ಲೈಂಗಿಕ ಆರೋಗ್ಯಕ್ಕೆ ಸಂಬಂಧಿಸಿದ ಅಧ್ಯಾಯದಲ್ಲಿ ‘ಲಿಂಗತ್ವ ಅಸಾಂಗತ್ಯ’ ಎಂಬ ಹೆಸರಿನಲ್ಲಿ ಇಟ್ಟಿದ್ದಾರೆ. ಪೂರ್ತಿ ತೆಗೆದುಹಾಕದೆ ಬೇರೆಡೆ ಇಟ್ಟಿದ್ದೇಕೆ? ಗರ್ಭಿಣಿಯಾಗುವುದೂ ಕಾಯಿಲೆಯಲ್ಲ, ಆದರೂ ಆಸ್ಪತ್ರೆಯ ಆರೈಕೆ ಬೇಕು. ಇದೂ ಹಾಗೆಯೇ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಚಿಕಿತ್ಸೆಗಾಗಲಿ ವಿಮೆಗಾಗಲಿ ಆಧಾರ ಸಿಗುವುದಿಲ್ಲ.

ಹೀಗಾಗಿ ಮೊದಲ ಬಾಗಿಲು ಸಾಮಾನ್ಯವಾಗಿ ಮನೋವೈದ್ಯರದ್ದು ಅಥವಾ ಆಪ್ತ ಸಮಾಲೋಚಕರದ್ದು. ಅವರ ಕೆಲಸ ನಮ್ಮನ್ನು ‘ಸರಿ ಮಾಡುವುದು’ ಅಲ್ಲ. ಈ ಭಾವನೆ ಎಷ್ಟು ಕಾಲದಿಂದ ಇದೆ, ಜೊತೆಗೆ ಖಿನ್ನತೆಯೋ ಆತಂಕವೋ ಇದೆಯೇ, ಚಿಕಿತ್ಸೆಯಿಂದ ಏನಾಗುತ್ತದೆ ಏನಾಗುವುದಿಲ್ಲ ಎಂಬುದು ಇವರಿಗೆ ಅರ್ಥವಾಗಿದೆಯೇ ಎಂದು ನೋಡುವುದು. ನನ್ನ ವಿಷಯದಲ್ಲಿ ಇದಕ್ಕೆ ಐದು ಭೇಟಿ ಬೇಕಾಯಿತು. ‘ದನಿ ಗಡುಸಾದ ಮೇಲೆ ಊರಿಗೆ ಫೋನ್ ಮಾಡಿದಾಗ ಅಜ್ಜಿ ಏನನ್ನಬಹುದು?’ ಎಂದು ಅವರು ಕೇಳಿದ ಪ್ರಶ್ನೆಯನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಒಳ್ಳೆಯ ಸಮಾಲೋಚನೆ ಎಂದರೆ ಇದೇ.

‘ಮಗನ ಮನಸ್ಸು ಬದಲಾಯಿಸಿ ಕೊಡುತ್ತೇವೆ’ ಎಂದು ಪೋಷಕರಿಗೆ ಭರವಸೆ ಕೊಡುವವರು ಈಗಲೂ ಇದ್ದಾರೆ. ಮದ್ರಾಸ್ ಹೈಕೋರ್ಟ್ 2021ರಲ್ಲಿ ಇದರ ವಿರುದ್ಧ ನಿರ್ದೇಶನ ನೀಡಿತು. 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ನಿಮ್ಮ ಗೆಳೆಯರನ್ನು ಯಾರಾದರೂ ಹಾಗೆ ಕರೆದೊಯ್ಯುತ್ತಿದ್ದರೆ ಈ ಮಾಹಿತಿ ಅವರ ಬಳಿ ಇರಲಿ.

ಹಾರ್ಮೋನ್: ನಿಧಾನದ ಹಾದಿ

ಎರಡನೆಯ ಬಾಗಿಲು ಹಾರ್ಮೋನ್ ಚಿಕಿತ್ಸೆ. ಇದನ್ನು ಎಂಡೋಕ್ರೈನಾಲಜಿಸ್ಟ್, ಅಂದರೆ ಸಕ್ಕರೆ ಕಾಯಿಲೆ, ಥೈರಾಯ್ಡ್ ನೋಡುವ ತಜ್ಞರು ಸಾಮಾನ್ಯವಾಗಿ ನಡೆಸುತ್ತಾರೆ. ಶುರು ಮಾಡುವ ಮೊದಲು ರಕ್ತದ ಪರೀಕ್ಷೆ, ಯಕೃತ್ತು, ಕೊಲೆಸ್ಟ್ರಾಲ್, ಸಕ್ಕರೆ, ಹಾರ್ಮೋನ್ ಮಟ್ಟ ಎಲ್ಲವನ್ನೂ ನೋಡುತ್ತಾರೆ.

ನನ್ನಂತೆ ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಮುಟ್ಟು ನಿಲ್ಲುತ್ತದೆ. ಮೊದಲ ವರ್ಷದಲ್ಲೇ ದನಿ ಒಡೆಯುತ್ತದೆ. ಮೊಡವೆ ಬರುತ್ತವೆ. ಗಡ್ಡ ಮೀಸೆ ಚಿಗುರಲು ಆರು ತಿಂಗಳಿಂದ ವರ್ಷ, ತುಂಬಿಕೊಳ್ಳಲು ನಾಲ್ಕೈದು ವರ್ಷ ಬೇಕಾಗಬಹುದು. ಮನೆತನದಲ್ಲಿ ಬೋಳುತಲೆ ಇದ್ದರೆ ಅದೂ ಬರಬಹುದು. ಇವುಗಳಲ್ಲಿ ದನಿ, ಮುಖದ ಕೂದಲು, ಬೋಳುತಲೆ ಔಷಧಿ ನಿಲ್ಲಿಸಿದರೂ ಹಿಂದಿರುಗುವುದಿಲ್ಲ. ಮೈಕೊಬ್ಬಿನ ಹಂಚಿಕೆ, ಸ್ನಾಯುವಿನ ಬಲ ಬಹುಮಟ್ಟಿಗೆ ಹಿಂದಿರುಗುತ್ತವೆ. ಮುಟ್ಟು ನಿಂತಿದೆ ಎಂದರೆ ಗರ್ಭ ನಿಲ್ಲುವುದಿಲ್ಲ ಎಂದು ಅರ್ಥವಲ್ಲ, ಟೆಸ್ಟೋಸ್ಟಿರಾನ್ ಗರ್ಭನಿರೋಧಕವಲ್ಲ. ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಟ್ರಾನ್ಸ್ ಮಹಿಳೆಯರಿಗೆ ಎಸ್ಟ್ರಡಯಾಲ್ ಎಂಬ ಹಾರ್ಮೋನ್ ಜೊತೆಗೆ ಟೆಸ್ಟೋಸ್ಟಿರಾನ್ ತಗ್ಗಿಸುವ ಔಷಧಿ ಕೊಡುತ್ತಾರೆ. ಮೂರರಿಂದ ಆರು ತಿಂಗಳಲ್ಲಿ ಚರ್ಮ ಮೃದುವಾಗುತ್ತದೆ, ಎದೆ ಬೆಳೆಯಲು ಶುರುವಾಗುತ್ತದೆ. ಪೂರ್ಣ ಬೆಳವಣಿಗೆಗೆ ಎರಡು ಮೂರು ವರ್ಷ. ಹಾಗೆ ಬೆಳೆದ ಎದೆ ಔಷಧಿ ಬಿಟ್ಟರೂ ಹೋಗುವುದಿಲ್ಲ. ಆದರೆ ಒಮ್ಮೆ ಒಡೆದ ದನಿ ಹಾರ್ಮೋನಿನಿಂದ ಮತ್ತೆ ತೆಳುವಾಗುವುದಿಲ್ಲ, ಅದಕ್ಕೆ ಸ್ಪೀಚ್ ಥೆರಪಿ ಬೇಕು. ಗಡ್ಡವೂ ಪೂರ್ತಿ ಹೋಗುವುದಿಲ್ಲ, ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು.

ಅಪಾಯಗಳೂ ಇವೆ. ಎಸ್ಟ್ರೋಜನ್‌ನಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ರಕ್ತದ ಪೊಟ್ಯಾಸಿಯಂ ಪರೀಕ್ಷಿಸಿಕೊಳ್ಳಬೇಕು. ಟೆಸ್ಟೋಸ್ಟಿರಾನ್‌ನಿಂದ ಕೆಂಪು ರಕ್ತಕಣಗಳು ಮಿತಿಮೀರಿ ರಕ್ತ ದಪ್ಪವಾಗಬಹುದು. ಅದಕ್ಕೇ ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ರಕ್ತಪರೀಕ್ಷೆ. ನನ್ನ ಮೂರನೆಯ ಪರೀಕ್ಷೆಯಲ್ಲಿ ರಕ್ತಕಣಗಳ ಪ್ರಮಾಣ ಮಿತಿ ದಾಟಿತ್ತು. ನನಗೆ ತಲೆನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗಿರಲಿಲ್ಲ. ವೈದ್ಯರು ಡೋಸ್ ತಗ್ಗಿಸಿದರು, ಸರಿಹೋಯಿತು. ಲ್ಯಾಬಿನ ಆ ಒಂದು ಕಾಗದ ಇಲ್ಲದಿದ್ದರೆ ನಾನು ಅದೇ ಡೋಸ್ ಮುಂದುವರಿಸುತ್ತಿದ್ದೆ.

ಇಲ್ಲೇ ನಮ್ಮ ದೊಡ್ಡ ಸಮಸ್ಯೆ ಇರುವುದು. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಿ ಚೀಟಿ ಇಲ್ಲದೆ ಸಿಗುತ್ತದೆ, ಆದರೆ ವೈದ್ಯರು ಸಿಗುವುದಿಲ್ಲ. ಎಷ್ಟೋ ಟ್ರಾನ್ಸ್ ಮಹಿಳೆಯರು ಗೆಳತಿಯರ ಮಾತು ಕೇಳಿ ಗರ್ಭನಿರೋಧಕ ಮಾತ್ರೆಗಳನ್ನೇ ದಿನಕ್ಕೆ ಎರಡು ಮೂರು ನುಂಗುತ್ತಾರೆ. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡಯಾಲ್. ಹೆಪ್ಪುಗಟ್ಟುವ ಅಪಾಯ ಹೆಚ್ಚೆಂಬ ಕಾರಣಕ್ಕೆ ಪರಿವರ್ತನೆಯ ಚಿಕಿತ್ಸೆಯಲ್ಲಿ ಅದನ್ನು ಬಳಸಲೇಬಾರದು ಎನ್ನುತ್ತವೆ ಮಾರ್ಗಸೂಚಿಗಳು. ಟ್ರಾನ್ಸ್ ಹುಡುಗರು ಜಿಮ್ಮಿನಿಂದ ಇಂಜೆಕ್ಷನ್ ತರುತ್ತಾರೆ. ಹೆಚ್ಚು ಡೋಸ್ ಹಾಕಿಕೊಂಡರೆ ಬೇಗ ಬದಲಾಗುತ್ತೇವೆ ಎಂಬುದು ಭ್ರಮೆ. ಬದಲಾವಣೆ ಬೇಗ ಬರುವುದಿಲ್ಲ, ಅಪಾಯ ಮಾತ್ರ ಬೇಗ ಬರುತ್ತದೆ.

ಮಕ್ಕಳ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ

20–22ರ ವಯಸ್ಸಿನಲ್ಲಿ ‘ನನಗೆ ಮಕ್ಕಳು ಬೇಡ’ ಎಂದು ಹೇಳುವುದು ಸುಲಭ. ಹಾರ್ಮೋನ್‌ನಿಂದ ಸಂತಾನಶಕ್ತಿ ಕುಗ್ಗಬಹುದು. ವೃಷಣ, ಅಂಡಾಶಯ ತೆಗೆಸಿದರೆ ಪೂರ್ತಿ ಹೋಗುತ್ತದೆ. ಆದ್ದರಿಂದ ವೀರ್ಯ ಅಥವಾ ಅಂಡಾಣು ಶೇಖರಿಸಿಡುವ ಸಾಧ್ಯತೆಯ ಬಗ್ಗೆ ಚಿಕಿತ್ಸೆಗೆ ಮೊದಲೇ ಮಾತಾಡಬೇಕು. ನಮ್ಮ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ ದಂಪತಿ ಮತ್ತು ಮಹಿಳೆ ಎಂಬ ಚೌಕಟ್ಟಿನಲ್ಲೇ ಬರೆದದ್ದು, ಟ್ರಾನ್ಸ್ ವ್ಯಕ್ತಿಗಳ ಮಾತು ಅದರಲ್ಲಿಲ್ಲ. ಹಾಗಾಗಿ ಈ ಹಾದಿ ಸಲೀಸಲ್ಲ.

ಕೋಯಿಕ್ಕೋಡಿನ ಜಹಾದ್ ಮತ್ತು ಜಿಯಾ ಪಾವಲ್ ಅವರ ಸುದ್ದಿ ನಿಮಗೆ ನೆನಪಿರಬಹುದು. 2023ರ ಫೆಬ್ರುವರಿಯಲ್ಲಿ ಟ್ರಾನ್ಸ್ ಪುರುಷರಾದ ಜಹಾದ್ ಮಗುವಿಗೆ ಜನ್ಮ ಕೊಟ್ಟರು. ಅವರು ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು, ಗರ್ಭಕೋಶ ತೆಗೆಸಿರಲಿಲ್ಲ. ಹಾರ್ಮೋನ್ ಚಿಕಿತ್ಸೆಯನ್ನು ನಿಲ್ಲಿಸಿದ್ದರು. ಆ ಸುದ್ದಿಯ ಕೆಳಗೆ ಜನ ಬರೆದದ್ದು ‘ಇವರದ್ದು ಅರ್ಧ ಆಪರೇಷನ್’ ಎಂದು. ಅರ್ಧ, ಪೂರ್ತಿ ಎಂಬ ಲೆಕ್ಕವೇ ಇಲ್ಲಿಲ್ಲ. ತಮಗೆ ಬೇಕಾದ ಬಾಗಿಲನ್ನು ಅವರು ಆರಿಸಿಕೊಂಡಿದ್ದರು, ಅಷ್ಟೇ.

ಶಸ್ತ್ರಚಿಕಿತ್ಸೆ: ಒಂದಲ್ಲ, ಹಲವು

ಮೂರನೆಯ ಬಾಗಿಲು ಶಸ್ತ್ರಚಿಕಿತ್ಸೆ. ಟ್ರಾನ್ಸ್ ಪುರುಷರಲ್ಲಿ ಹಲವರು ಬಯಸುವುದು ಎದೆಯ ಶಸ್ತ್ರಚಿಕಿತ್ಸೆ. ಬಿಗಿ ಬಟ್ಟೆ ಕಟ್ಟಿಕೊಂಡು ಬೇಸಿಗೆಯಲ್ಲಿ ಕೋಚಿಂಗ್ ಕ್ಲಾಸಿನಲ್ಲಿ ಆರು ಗಂಟೆ ಕುಳಿತವರಿಗೆ ಅದು ಏಕೆ ಎಂದು ಹೇಳಬೇಕಿಲ್ಲ. ಕೆಲವು ದಿನ ಡ್ರೈನ್ ಟ್ಯೂಬ್, ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಕಲೆ ಉಳಿಯುತ್ತದೆ, ಮೊಲೆತೊಟ್ಟಿನ ಸ್ಪರ್ಶಜ್ಞಾನ ಕಡಿಮೆಯಾಗಬಹುದು. ಗರ್ಭಕೋಶ ತೆಗೆಯುವುದು ಬೇರೆಯದೇ ಶಸ್ತ್ರಚಿಕಿತ್ಸೆ. ತೋಳಿನ ಅಥವಾ ತೊಡೆಯ ಚರ್ಮದಿಂದ ಶಿಶ್ನ ರೂಪಿಸುವುದು ಮತ್ತೂ ಬೇರೆ. ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಂತ ಹಂತವಾಗಿ ಮಾಡಬೇಕು. ಮೂತ್ರನಾಳ ಸೋರುವುದು, ಕಿರಿದಾಗುವುದು ಸಾಮಾನ್ಯ ತೊಡಕುಗಳು. ಬಹಳಷ್ಟು ಟ್ರಾನ್ಸ್ ಪುರುಷರು ಇದನ್ನು ಮಾಡಿಸಿಕೊಳ್ಳುವುದೇ ಇಲ್ಲ.

ಟ್ರಾನ್ಸ್ ಮಹಿಳೆಯರಿಗೆ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ, ಯೋನಿ ರೂಪಿಸುವ ಶಸ್ತ್ರಚಿಕಿತ್ಸೆ, ಎದೆಯ ಇಂಪ್ಲಾಂಟ್, ಮುಖದ, ಗಂಟಲುಮಣಿಯ ಶಸ್ತ್ರಚಿಕಿತ್ಸೆ ಹೀಗೆ ಬೇರೆ ಬೇರೆ ಇವೆ. ಯೋನಿ ರೂಪಿಸಿಕೊಂಡವರು ಅದು ಮುಚ್ಚಿಕೊಳ್ಳದಂತೆ ಡೈಲೇಟರ್ ಬಳಸಬೇಕು. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹಲವು ಸಲ, ಆಮೇಲೆ ಕಡಿಮೆ ಮಾಡುತ್ತಾ ದೀರ್ಘಕಾಲ. ಹಾಸ್ಟೆಲಿನಲ್ಲಿ ನಾಲ್ವರ ರೂಮಿನಲ್ಲಿ ಇರುವವರಿಗೆ, ತಗಡಿನ ಮನೆಯಲ್ಲಿ ಇರುವವರಿಗೆ ಇದು ಹೇಗೆ ಸಾಧ್ಯ ಎಂಬುದನ್ನು ಆಪರೇಷನ್ ದಿನಾಂಕಕ್ಕೆ ಮೊದಲು ಯೋಚಿಸಬೇಕು. ವೃಷಣ ಅಥವಾ ಅಂಡಾಶಯ ತೆಗೆಸಿದ ಮೇಲೆ ಹಾರ್ಮೋನ್ ನಿಲ್ಲಿಸಿಬಿಟ್ಟರೆ ಮೂಳೆ ಸವೆಯುತ್ತದೆ. ಅಂದರೆ ಆ ಶಸ್ತ್ರಚಿಕಿತ್ಸೆ ಔಷಧಿಯ ಕೊನೆಯಲ್ಲ, ದೀರ್ಘಕಾಲದ ಔಷಧಿಯ ಆರಂಭ.

ಇನ್ನೊಂದು ಸಣ್ಣ, ಮುಖ್ಯ ವಿಷಯ. ದೇಹದಲ್ಲಿ ಯಾವ ಅಂಗ ಇದೆಯೋ ಅದರ ತಪಾಸಣೆ ತಪ್ಪಿಸುವಂತಿಲ್ಲ. ಗರ್ಭಕಂಠ ಇರುವ ಟ್ರಾನ್ಸ್ ಪುರುಷನಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು. ಯೋನಿ ರೂಪಿಸಿಕೊಂಡ ಟ್ರಾನ್ಸ್ ಮಹಿಳೆಗೂ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ.

ಶಸ್ತ್ರಚಿಕಿತ್ಸೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಅನನ್ಯಾ ಕುಮಾರಿ ಅಲೆಕ್ಸ್ ಅವರ ಹೆಸರು ಹೇಳಲೇಬೇಕು. 2020ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಅವರು, ಒಂದು ವರ್ಷದ ಮೇಲೂ ಹೆಚ್ಚು ಹೊತ್ತು ನಿಲ್ಲಲು, ಕೂರಲು ಆಗುತ್ತಿಲ್ಲ ಎಂದು ಬಹಿರಂಗವಾಗಿ ದೂರಿದ್ದರು. 2021ರ ಜುಲೈನಲ್ಲಿ ಅವರ ಸಾವಿನ ಸುದ್ದಿ ಬಂತು. ಅವರು ಕೇಳಿದ್ದು ಸರಿಯಾದ ಮರುಚಿಕಿತ್ಸೆ ಮತ್ತು ಉತ್ತರದಾಯಿತ್ವ. ಇನ್ನೊಂದು ತುದಿಯಲ್ಲಿ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಲಾಗದೆ ದಾಯಮ್ಮನ ಕೈಯಲ್ಲಿ ಅರಿವಳಿಕೆ ಇಲ್ಲದೆ ‘ನಿರ್ವಾಣ’ ಮಾಡಿಸಿಕೊಂಡ ಹಿರಿಯರು ನಮ್ಮ ಸಮುದಾಯದಲ್ಲಿದ್ದಾರೆ. ರಕ್ತಸ್ರಾವದಲ್ಲಿ ಜೀವ ಕಳೆದುಕೊಂಡವರ ಕತೆಗಳನ್ನು ಅವರೇ ಹೇಳುತ್ತಾರೆ.

‘ಪಶ್ಚಾತ್ತಾಪ ಆದರೆ?’

ಇದು ನ್ಯಾಯವಾದ ಪ್ರಶ್ನೆ. 2021ರಲ್ಲಿ ಪ್ರಕಟವಾದ ಒಂದು ವಿಮರ್ಶೆ 27 ಅಧ್ಯಯನಗಳಲ್ಲಿನ 7,928 ಜನರನ್ನು ಒಟ್ಟಿಗೆ ನೋಡಿ, ಶಸ್ತ್ರಚಿಕಿತ್ಸೆಯ ಬಗ್ಗೆ ಪಶ್ಚಾತ್ತಾಪ ಪಟ್ಟವರು ಸುಮಾರು ಶೇ 1 ಎಂದಿತು. ಆ ಅಧ್ಯಯನಗಳ ಗುಣಮಟ್ಟ ಒಂದೇ ರೀತಿ ಇಲ್ಲ, ಹಲವರನ್ನು ದೀರ್ಘಕಾಲ ಹಿಂಬಾಲಿಸಿಲ್ಲ ಎಂಬ ಟೀಕೆಯೂ ಇದೆ. ಎರಡನ್ನೂ ಒಪ್ಪಿಕೊಳ್ಳೋಣ. ಸಂಖ್ಯೆ ಕಡಿಮೆ ಎಂದು ಸಮಾಲೋಚನೆ ಬಿಡುವಂತಿಲ್ಲ; ಒಬ್ಬಿಬ್ಬರಿಗೆ ಪಶ್ಚಾತ್ತಾಪವಾಯಿತು ಎಂದು ಉಳಿದವರಿಗೆ ಬಾಗಿಲು ಮುಚ್ಚುವಂತೆಯೂ ಇಲ್ಲ.

18 ವರ್ಷದೊಳಗಿನವರ ವಿಷಯ ಬೇರೆ. ಬ್ರಿಟನ್ನಿನ ಕ್ಯಾಸ್ ವರದಿ 2024ರ ಏಪ್ರಿಲ್‌ನಲ್ಲಿ, ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧಿಗಳ ಬಗ್ಗೆ ಆಧಾರ ದುರ್ಬಲವಾಗಿದೆ ಎಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಅವುಗಳ ಮೇಲಿನ ನಿರ್ಬಂಧವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಪ್ರಾಪ್ತರಿಗೆ ಇಂಥ ಚಿಕಿತ್ಸೆ ನಿಷೇಧಿಸಿದ ಟೆನೆಸ್ಸಿ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಅಲ್ಲಿನ ಹಲವು ವೈದ್ಯಕೀಯ ಸಂಘಟನೆಗಳು ಈ ನಿಷೇಧವನ್ನು ಒಪ್ಪುವುದಿಲ್ಲ. ಅದು ಇನ್ನೂ ನಡೆಯುತ್ತಿರುವ ಚರ್ಚೆ. ಆದರೆ ಆ ಚರ್ಚೆಯ ರೀಲ್ಸ್ ನೋಡಿ, ಇಲ್ಲಿ 25 ವರ್ಷದ ಪದವೀಧರನಿಗೆ ‘ವಿದೇಶದಲ್ಲೇ ಬ್ಯಾನ್ ಆಗಿದೆಯಂತೆ’ ಎಂದು ಹೇಳುವುದು ತಪ್ಪು. ಮಕ್ಕಳ ಚಿಕಿತ್ಸೆಯ ಪ್ರಶ್ನೆ ಬೇರೆ, ವಯಸ್ಕರದ್ದು ಬೇರೆ.

ಕಾಗದಕ್ಕಾಗಿ ಕತ್ತರಿಯೇ?

ಈಗ ಕಾನೂನಿಗೆ ಬರೋಣ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಇದೆ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಕಾನೂನುಬಾಹಿರ ಎಂದಿತ್ತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಬಂದಾಗ ಎರಡು ಮೆಟ್ಟಿಲು ಮಾಡಿತು. ‘ಟ್ರಾನ್ಸ್‌ಜೆಂಡರ್’ ಎಂಬ ಗುರುತಿನ ಪತ್ರ ಜಿಲ್ಲಾಧಿಕಾರಿಯಿಂದ. ಆಮೇಲೆ ‘ಗಂಡು’ ಅಥವಾ ‘ಹೆಣ್ಣು’ ಎಂದು ಪರಿಷ್ಕೃತ ಪತ್ರ ಬೇಕಾದರೆ ಶಸ್ತ್ರಚಿಕಿತ್ಸೆ ಆಗಿರುವ ಬಗ್ಗೆ ಆಸ್ಪತ್ರೆಯ ಪ್ರಮಾಣಪತ್ರ. 2020ರ ನಿಯಮಗಳು ಇದನ್ನು ಸ್ವಲ್ಪ ಸಡಿಲಿಸಿದವು. ಮೊದಲ ಪತ್ರಕ್ಕೆ ಅಫಿಡವಿಟ್ ಸಾಕು, ದೈಹಿಕ ಪರೀಕ್ಷೆ ಮಾಡುವಂತಿಲ್ಲ, 30 ದಿನಗಳಲ್ಲಿ ಕೊಡಬೇಕು ಎಂದವು. ಎರಡನೆಯದಕ್ಕೆ ‘ಶಸ್ತ್ರಚಿಕಿತ್ಸೆ’ಯ ಬದಲು ‘ವೈದ್ಯಕೀಯ ಮಧ್ಯಪ್ರವೇಶ’ ಎಂಬ ಪದ ಬಳಸಿ, ಸಮಾಲೋಚನೆ ಮತ್ತು ಹಾರ್ಮೋನ್ ಚಿಕಿತ್ಸೆಯನ್ನೂ ಅದರ ವ್ಯಾಖ್ಯೆಗೆ ಸೇರಿಸಿದವು.

ಆಗ ಕಾಯ್ದೆ ಒಂದು ಪದ ಹೇಳುತ್ತಿತ್ತು, ನಿಯಮ ಇನ್ನೊಂದು. ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಿದ್ದವರು ಅರ್ಜಿದಾರರು. ಮೊದಲ ಪತ್ರಕ್ಕಾಗಿ ನಾನು ಹೋದ ಒಂದು ಕಚೇರಿಯಲ್ಲಿ ಕೇಳಿದ್ದೂ ‘ಆಪರೇಷನ್ ಸರ್ಟಿಫಿಕೇಟ್ ಎಲ್ಲಿ?’ ಎಂದೇ. ನಿಯಮದ ಪ್ರತಿ ತೋರಿಸಿದ ಮೇಲೆ ಅರ್ಜಿ ಮುಂದೆ ಹೋಯಿತು. ನಿಯಮ ಓದಲು ಬಾರದವರು ಅಲ್ಲಿಂದ ನೇರ ದಲ್ಲಾಳಿಯ ಬಳಿ ಹೋಗುತ್ತಾರೆ, ಇಲ್ಲವೇ ತಮಗೆ ಬೇಕಿಲ್ಲದ ಶಸ್ತ್ರಚಿಕಿತ್ಸೆಗೆ ಸಾಲ ಮಾಡುತ್ತಾರೆ. ದೇಹಕ್ಕೆ ಬೇಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೂ ಕಾಗದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೂ ಆಕಾಶ ಭೂಮಿಯ ಅಂತರವಿದೆ. ‘ಆಪರೇಷನ್ ಆಯ್ತಾ?’ ಎಂಬ ಪ್ರಶ್ನೆ ಬರೀ ಕುತೂಹಲ ಅಲ್ಲ, ಅದು ಒತ್ತಡ ಎಂದು ನಾನು ಹೇಳುವುದು ಇದಕ್ಕೇ.

ಜನನ ಪ್ರಮಾಣಪತ್ರದ್ದು ಮತ್ತೊಂದು ಗೋಜಲು. ಅದನ್ನು ತಿದ್ದಲು ಜನನ ಮರಣ ನೋಂದಣಿ ಕಾನೂನಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬರುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕಾನೂನು ತಿದ್ದುಪಡಿಯಾಗುವವರೆಗೆ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪ್ರಮಾಣಪತ್ರ ಕೊಡಬೇಕು ಎಂದಿತು. ನೌಕರಿಯ ದಾಖಲೆ ಪರಿಶೀಲನೆಗೆ ಹೋಗುವವರು ಈ ಆದೇಶವನ್ನು ತಿಳಿದಿರುವುದು ಒಳ್ಳೆಯದು.

ಉದ್ಯೋಗ ಮತ್ತು ಚಿಕಿತ್ಸೆ

2021ರಲ್ಲಿ ಕರ್ನಾಟಕ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ 1ರಷ್ಟು ಸಮತಲ ಮೀಸಲಾತಿ ತಂದಿತು. ದೇಶದಲ್ಲಿ ಇದು ಮೊದಲು. ಹೆಮ್ಮೆಯ ವಿಷಯವೇ. ಆದರೆ ನೌಕರಿ ಸಿಕ್ಕ ಮೇಲೆ? ಎದೆಯ ಶಸ್ತ್ರಚಿಕಿತ್ಸೆಗೆ ಒಂದೂವರೆ ತಿಂಗಳ ವಿಶ್ರಾಂತಿ ಬೇಕು. ಪ್ರೊಬೇಷನ್‌ನಲ್ಲಿ ಇರುವವರಿಗೆ ಅಷ್ಟು ರಜೆ ಎಲ್ಲಿಂದ? ರಜೆ ಅರ್ಜಿಯಲ್ಲಿ ಕಾರಣ ಏನೆಂದು ಬರೆಯಬೇಕು? ಆ ಕಾಗದ ಎಷ್ಟು ಜನರ ಟೇಬಲ್ ದಾಟುತ್ತದೆ? ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಇವೂ ಸೇರಿವೆ ಎಂದು ನಾನು ಭಾವಿಸುತ್ತೇನೆ.

ಚಿಕಿತ್ಸೆಯನ್ನು ಉದ್ಯೋಗದ ಜೊತೆ ಹೇಗೆ ಹೊಂದಿಸಬಹುದು ಎಂಬುದಕ್ಕೆ ವಿಮಾನಯಾನ ಕ್ಷೇತ್ರದಲ್ಲಿ ಒಂದು ಉದಾಹರಣೆ ಇದೆ. ಹಾರ್ಮೋನ್ ತೆಗೆದುಕೊಳ್ಳುವವರು ಪೈಲಟ್ ಆಗಬಹುದೇ ಎಂಬ ಪ್ರಶ್ನೆ ಕೇರಳದ ಆಡಂ ಹ್ಯಾರಿ ಅವರಿಂದ ಮುನ್ನೆಲೆಗೆ ಬಂತು. 2022ರ ಆಗಸ್ಟ್‌ನಲ್ಲಿ ಡಿಜಿಸಿಎ ಮಾರ್ಗಸೂಚಿ ಹೊರಡಿಸಿ, ಹಾರ್ಮೋನ್ ಚಿಕಿತ್ಸೆಯೇ ಅನರ್ಹತೆಯಲ್ಲ ಎಂದಿತು. ಡೋಸ್ ಸ್ಥಿರವಾಗುವವರೆಗೆ ಕನಿಷ್ಠ ಮೂರು ತಿಂಗಳು ಹಾರಾಟದಿಂದ ದೂರ ಇಡಬೇಕು, ಆಮೇಲೆ ಪರೀಕ್ಷಿಸಿ ನಿರ್ಧರಿಸಬೇಕು ಎಂದಿತು. ಅಪಾಯ ಹೆಚ್ಚಿರುವ ಕೆಲಸಕ್ಕೇ ಇಷ್ಟು ಸ್ಪಷ್ಟ ಲೆಕ್ಕ ಹಾಕಲು ಸಾಧ್ಯವಾದರೆ, ಗುಮಾಸ್ತ, ಶಿಕ್ಷಕ, ಕಂಡಕ್ಟರ್ ಹುದ್ದೆಯ ವೈದ್ಯಕೀಯ ಅರ್ಹತೆಯಲ್ಲಿ ಗೊಂದಲ ಏಕೆ?

ಹಣ ಎಲ್ಲಿಂದ?

2019ರ ಕಾಯ್ದೆಯ 15ನೇ ಸೆಕ್ಷನ್ ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅವುಗಳ ಮೊದಲು ಮತ್ತು ನಂತರದ ಸಮಾಲೋಚನೆ, ಲೇಸರ್‌ವರೆಗೂ ವಿಮೆ, ಇವೆಲ್ಲ ಸರ್ಕಾರದ ಹೊಣೆ ಎಂದಿತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಹೆಸರಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆಗೆ ಒಪ್ಪಂದ ಮಾಡಿಕೊಂಡಿತು. ಕೇಳಲು ಚೆನ್ನಾಗಿದೆ. ಆದರೆ ನಾನು ವಿಚಾರಿಸಿದ ಆಸ್ಪತ್ರೆಯ ಕೌಂಟರಿನಲ್ಲಿ ಅಂಥ ಯೋಜನೆಯ ಹೆಸರನ್ನೇ ಯಾರೂ ಕೇಳಿರಲಿಲ್ಲ. ನಾನು ಹಾರ್ಮೋನ್ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಿ ಬರುತ್ತೇನೆ. ಇಂಜೆಕ್ಷನ್‌ಗಿಂತ ಪ್ರಯಾಣ, ಲ್ಯಾಬ್, ಒಂದು ದಿನದ ಟ್ಯೂಷನ್ ಸಂಬಳದ ನಷ್ಟ ಸೇರಿ ಹೆಚ್ಚು ಖರ್ಚಾಗುತ್ತದೆ.

ಪಕ್ಕದ ತಮಿಳುನಾಡು 2008ರಲ್ಲೇ ಟ್ರಾನ್ಸ್‌ಜೆಂಡರ್ ಕಲ್ಯಾಣ ಮಂಡಳಿ ರಚಿಸಿ, ಮರುವರ್ಷದಿಂದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿತು. ಹೊರಗಿನ ಹಣದ ಮೇಲೆ ನಿಂತ ಸೇವೆ ಎಷ್ಟು ದುರ್ಬಲ ಎಂಬುದನ್ನು 2025 ತೋರಿಸಿತು. ಹೈದರಾಬಾದ್, ಪುಣೆ, ಕಲ್ಯಾಣದಲ್ಲಿ ಟ್ರಾನ್ಸ್ ಸಮುದಾಯಕ್ಕಾಗಿಯೇ ಇದ್ದ ಮಿತ್ರ್ ಕ್ಲಿನಿಕ್‌ಗಳು ಅಮೆರಿಕದ ಯುಎಸ್‌ಏಡ್ ನೆರವು ನಿಂತ ಕೂಡಲೇ ಮುಚ್ಚಬೇಕಾಯಿತು. ವಾಷಿಂಗ್ಟನ್ನಿನ ಒಂದು ಸಹಿ ಹೈದರಾಬಾದಿನ ಹಾರ್ಮೋನ್ ಚೀಟಿಯನ್ನು ತಡೆಯಿತು. ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಒಬ್ಬ ಮನೋವೈದ್ಯರು, ಒಬ್ಬ ಫಿಜಿಷಿಯನ್ ಮತ್ತು ರಕ್ತಪರೀಕ್ಷೆಯ ವ್ಯವಸ್ಥೆ ಇದ್ದರೆ ಹಾರ್ಮೋನ್ ಚಿಕಿತ್ಸೆಯ ಬಹುಪಾಲು ಅಲ್ಲೇ ನಡೆಯುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಆದೇಶ ಮತ್ತು ತರಬೇತಿ ಸಾಕು. ಮೈತ್ರಿ ಯೋಜನೆಯ ಮಾಸಾಶನ ಕೊಡುವ ರಾಜ್ಯಕ್ಕೆ ಇದು ದೊಡ್ಡ ಹೊರೆಯಲ್ಲ.

ಓದುಗ ಗೆಳೆಯರಿಗೆ

ಈ ಹಾದಿಯಲ್ಲಿರುವ ಅಥವಾ ಯೋಚಿಸುತ್ತಿರುವ ಗೆಳೆಯರಿಗೆ ಕೆಲವು ಮಾತು. ಯಾವ ಚಿಕಿತ್ಸೆಗೂ ಮೊದಲು ನಾಲ್ಕು ಪ್ರಶ್ನೆ ಕೇಳಿ: ಇದು ಹಿಂದಿರುಗಿಸಬಹುದಾದ ಬದಲಾವಣೆಯೇ? ಎಷ್ಟು ಕಾಲದ ಆರೈಕೆ ಬೇಕು? ತೊಡಕಾದರೆ ಅದೇ ವೈದ್ಯರು ನೋಡುತ್ತಾರೆಯೇ, ಖರ್ಚು ಯಾರದ್ದು? ಇದು ನನಗೆ ಬೇಕೋ, ಇನ್ನೊಬ್ಬರ ಬಾಯಿ ಮುಚ್ಚಿಸಲು ಬೇಕೋ? ಶಸ್ತ್ರಚಿಕಿತ್ಸಕರು ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ ಎಂದು ಕೇಳಲು ಸಂಕೋಚ ಬೇಡ. ಎಲ್ಲ ವರದಿಗಳನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಈಗಾಗಲೇ ಸ್ವಂತವಾಗಿ ಮಾತ್ರೆ ನುಂಗುತ್ತಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಬೈಸಿಕೊಳ್ಳುವುದು ಹೆಪ್ಪುಗಟ್ಟುವುದಕ್ಕಿಂತ ವಾಸಿ. ಕಾಲು ಊದಿ ನೋವಾದರೆ, ಎದೆನೋವು, ಉಸಿರುಗಟ್ಟುವುದು ಕಂಡರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಉಳಿದ ಗೆಳೆಯರಿಗೆ ಒಂದೇ ಕೋರಿಕೆ. ನಿಮ್ಮ ಸಹಪಾಠಿ, ನಾಳೆ ನಿಮ್ಮ ಸಹೋದ್ಯೋಗಿ ಆಗುವವರ ದೇಹದ ಲೆಕ್ಕ ಕೇಳಬೇಡಿ. ಹೆಸರು ಏನೆಂದು ಕರೆಯಲಿ ಎಂದು ಕೇಳಿ. ಶಸ್ತ್ರಚಿಕಿತ್ಸೆ ಆದವರು ಪೂರ್ತಿ, ಆಗದವರು ಅರ್ಧ ಎಂಬ ಅಳತೆಪಟ್ಟಿಯನ್ನು ಕೆಳಗಿಡಿ. ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಆಗುತ್ತೀರಿ; ಕೆಲವರು ತಹಶೀಲ್ದಾರ್ ಕಚೇರಿಯ, ಜಿಲ್ಲಾಧಿಕಾರಿ ಕಚೇರಿಯ ಟೇಬಲ್ ಹಿಂದೆ ಕೂರುತ್ತೀರಿ. ನಮ್ಮ ಅರ್ಜಿ ನಿಮ್ಮ ಮುಂದೆ ಬಂದ ದಿನ ನಿಯಮದ ಪುಸ್ತಕ ಒಮ್ಮೆ ತೆರೆದು ನೋಡಿ. ಪರೀಕ್ಷೆಗೆ ಓದಿದ ಪ್ರಚಲಿತ ವಿದ್ಯಮಾನ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿಯೇ.